ರಾಜಾಬಾಯಿ ಗೋಪುರವೂ ಬೇಕರ್ ಬೀದಿಯೂ

ಡಾಕ್ಟರ್ ವಾಟ್ಸನ್ ತನ್ನ ಕಥೆ ಹೇಳಲು ತೊಡಗಿ ನಾಲ್ಕಾರು ಸಾಲು ಕಳೆಯುವಷ್ಟರಲ್ಲಿ ಬೊಂಬಾಯಿ ಬಂದರಿನಲ್ಲಿ ಇಳಿದಿರುತ್ತಾನೆ. ಎರಡನೆಯ ಆಫ್ಘನ್ ಯುದ್ಧದ ಕಾಲ. ಅವನು ಸೇರಬೇಕಾದ ಪಡೆ ಆಗಲೇ ಕಣಿವೆಗಳನ್ನು ದಾಟಿ ಹೋಗಿದೆ. ಅದರ ಬೆನ್ನು ಹಿಡಿದು ಹೊರಟವನು ಮೈವಂದದಲ್ಲಿ ಗುಂಡೇಟು ತಿಂದು, ಬಡಕಲು ದೇಹ ಹೊತ್ತು ಲಂಡನ್ನಿಗೆ ಮರಳುತ್ತಾನೆ; ಬಾಡಿಗೆ ಹಂಚಿಕೊಳ್ಳಲು ಜೊತೆಗಾರನನ್ನು ಹುಡುಕುವಾಗ ಷೆರ್ಲಾಕ್ ಹೋಮ್ಸ್ ಸಿಗುತ್ತಾನೆ. 1887ರಲ್ಲಿ ಅಚ್ಚಾದ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ನ ಆರಂಭದಲ್ಲಿ ಬೊಂಬಾಯಿಗೆ ಸಿಕ್ಕ ಜಾಗ ಒಂದೇ ಒಂದು ವಾಕ್ಯ. ಆದರೆ ಹೋಮ್ಸನಂಥವನೊಬ್ಬ ಬೇಕಾಗಿದ್ದ ಊರು ಅದೇ ಆಗಿತ್ತು.

1891ರ ಏಪ್ರಿಲ್ 25. ಕೋಟೆ ಪ್ರದೇಶದ ವಿಶ್ವವಿದ್ಯಾಲಯದ ಆವರಣದಲ್ಲಿ ರಾಜಾಬಾಯಿ ಗೋಪುರ ತಲೆಯೆತ್ತಿ ಹದಿಮೂರು ವರ್ಷಗಳಾಗುತ್ತಿದ್ದವು. ಹತ್ತಿ ವ್ಯಾಪಾರದಲ್ಲಿ ಕುಬೇರನಾದ ಪ್ರೇಮಚಂದ್ ರಾಯಚಂದ್ ಎರಡು ಲಕ್ಷ ರೂಪಾಯಿ ಕೊಟ್ಟು ತಾಯಿಯ ಹೆಸರನ್ನು ನಿಲ್ಲಿಸಿದ್ದ; ನಕ್ಷೆ ಲಂಡನ್ನಿನ ಗಿಲ್ಬರ್ಟ್ ಸ್ಕಾಟ್ ಬರೆದದ್ದು. 280 ಅಡಿ ಎತ್ತರದ ಆ ಗೋಪುರವನ್ನು ಹತ್ತಿ ಊರನ್ನೂ ಸಮುದ್ರವನ್ನೂ ನೋಡಿ ಬರುವುದು ಆಗಿನ ಜನರಿಗೆ ದೊಡ್ಡ ಸಂಭ್ರಮ. ಆ ದಿನ ಇಬ್ಬರು ಪಾರ್ಸಿ ಹೆಣ್ಣುಮಕ್ಕಳು ಹತ್ತಿದರು: ಬಚುಬಾಯಿ ಮತ್ತು ಅವಳ ಗಂಡನ ಸಂಬಂಧಿ ಫಿರೋಜಬಾಯಿ. ಮೆಟ್ಟಿಲಿಳಿದು ಬರಲಿಲ್ಲ. ಹಾಡುಹಗಲಲ್ಲಿ ಇಬ್ಬರ ದೇಹಗಳೂ ಗೋಪುರದ ಬುಡದಲ್ಲಿ ಬಿದ್ದಿದ್ದವು.

ಕಾಲು ಜಾರಿತೇ? ಯಾರಾದರೂ ತಳ್ಳಿದರೇ? ಮಾನ ಉಳಿಸಿಕೊಳ್ಳಲು ತಾವೇ ಹಾರಿದರೇ? ಒಬ್ಬ ಪಾರ್ಸಿ ಯುವಕನ ಮೇಲೆ ಗುಮಾನಿ ಹುಟ್ಟಿತು, ಮೊಕದ್ದಮೆ ನಡೆಯಿತು, ಸಾಕ್ಷ್ಯ ಸಾಲದೆ ಅವನು ಖುಲಾಸೆಯಾದ. ಪೊಲೀಸರ ಕಡತ ಅಲ್ಲಿಗೆ ಮುಗಿಯಿತು. ಬಚುಬಾಯಿಯ ಗಂಡ ಆರ್ದೇಶಿರ್ ಗೋದ್ರೆಜ್ ಮತ್ತೆ ಮದುವೆಯಾಗಲಿಲ್ಲ. ವಕೀಲಿ ಕೈಹಿಡಿಯಲಿಲ್ಲ, 1897ರಲ್ಲಿ ಲಾಲ್‌ಬಾಗಿನ ಒಂದು ಕೊಟ್ಟಿಗೆಯಲ್ಲಿ ಬೀಗ ಮಾಡಲು ಕೂತ. ಆ ಬೀಗಗಳು ಮುಂದೆ ದೇಶದ ಮನೆಮನೆಗೂ ಬಂದವು. ಕಾದಂಬರಿಕಾರ ಇಂಥದ್ದನ್ನು ಬರೆದಿದ್ದರೆ ‘ಇದು ತೀರಾ ಹೆಣೆದದ್ದು’ ಎಂದು ನಾನೇ ಗೊಣಗುತ್ತಿದ್ದೆ.

ಆ ವಸಂತದಲ್ಲೇ, ಅತ್ತ ಲಂಡನ್ನಿನಲ್ಲಿ, ವಿಯೆನ್ನಾದಿಂದ ಕಣ್ಣಿನ ವೈದ್ಯ ಕಲಿತು ಬಂದ ಆರ್ಥರ್ ಕಾನನ್ ಡಾಯ್ಲ್ ಹೊಸ ದವಾಖಾನೆ ತೆರೆದು ಕೂತಿದ್ದ. ಒಬ್ಬ ರೋಗಿಯೂ ಹೊಸಿಲು ತುಳಿಯಲಿಲ್ಲವೆಂದು ಅವನೇ ಮುಂದೆ ಹೇಳಿಕೊಂಡ. ಬಿಡುವೋ ಬಿಡುವು, ಕಥೆ ಬರೆದ. ಜುಲೈ ತಿಂಗಳ ‘ಸ್ಟ್ರ್ಯಾಂಡ್’ ಪತ್ರಿಕೆಯಲ್ಲಿ ಹೋಮ್ಸನ ಮೊದಲ ಸಣ್ಣಕಥೆ ಬಂತು. ಬೊಂಬಾಯಿಯ ಒಗಟು ಬಿಡಿಸಲಾಗದೆ ಉಳಿದ ವರ್ಷವೇ, ಯಾವ ಒಗಟನ್ನಾದರೂ ಬಿಡಿಸಬಲ್ಲವನು ಮನೆಮಾತಾದ.

ಹಾಗೆಂದು ಬೊಂಬಾಯಿಯಲ್ಲಿ ಪತ್ತೇದಾರರೇ ಇರಲಿಲ್ಲವೆಂದಲ್ಲ. ಹೋಮ್ಸನಿಗಿಂತ ಮೂವತ್ತು ವರ್ಷ ಮೊದಲೇ ಪೊಲೀಸ್ ಅಧಿಕಾರಿ ಚಾರ್ಲ್ಸ್ ಫೋರ್ಜೆಟ್ ವೇಷ ಮರೆಸಿ ಬೀದಿ ಸುತ್ತುತ್ತಿದ್ದ. ದೇಶಭಾಷೆಗಳನ್ನು ಇಲ್ಲಿಯವರಂತೆಯೇ ಆಡುತ್ತಿದ್ದ. ಪಂಥ ಕಟ್ಟಿ, ಜಾಡಮಾಲಿಯ ವೇಷದಲ್ಲಿ ಕಾವಲು ದಾಟಿ, ಗವರ್ನರನ ಮಲಗುವ ಕೋಣೆಗೇ ಹೋಗಿದ್ದನೆಂಬ ಕಥೆಯಿದೆ. 1857ರಲ್ಲಿ ಒಂದು ಮನೆಯ ಗೋಡೆಯ ಕಂಡಿಗೆ ಕಣ್ಣು ಕಿವಿ ಹಚ್ಚಿ ಸಿಪಾಯಿಗಳ ಗುಟ್ಟಿನ ಮಾತು ಕೇಳಿಸಿಕೊಂಡವನೂ ಇವನೇ. ಆ ಅಕ್ಟೋಬರ್ 15ರಂದು ಎಸ್ಪ್ಲನೇಡ್ ಮೈದಾನದಲ್ಲಿ ಸೈಯದ್ ಹುಸೇನ್, ಮಂಗಲ್ ಗಾಡಿಯಾ ಎಂಬಿಬ್ಬರನ್ನು ತೋಪಿನ ಬಾಯಿಗೆ ಕಟ್ಟಿ ಹಾರಿಸಿದರು. ಇಂಗ್ಲಿಷ್ ಇತಿಹಾಸಕಾರರು ಫೋರ್ಜೆಟನ ಚಾಣಾಕ್ಷತನವನ್ನು ಬಾಯ್ತುಂಬ ಹೊಗಳಿದ್ದಾರೆ. ಆ ಜಾಣತನವನ್ನು ನಾನೂ ಒಪ್ಪುತ್ತೇನೆ; ಆದರೆ ಆ ಕಿವಿ ಯಾರ ಪರವಾಗಿ ಗೋಡೆಗೆ ಹಚ್ಚಿತ್ತು ಎಂಬುದನ್ನು ಮರೆತು ಹೊಗಳಲಾರೆ.

ಡಾಯ್ಲ್‌ನ ಕಥೆಗಳೂ ಆ ಕಡೆಯವೇ; ಅವುಗಳಲ್ಲಿ ಗಂಡಾಂತರ ಹಿಂದೂಸ್ಥಾನದಿಂದ ಬರುತ್ತದೆ. ‘ದಿ ಸೈನ್ ಆಫ್ ಫೋರ್’ನಲ್ಲಿ ಆಗ್ರಾದ ನಿಧಿ, ‘ಸ್ಪೆಕಲ್ಡ್ ಬ್ಯಾಂಡ್’ನಲ್ಲಿ ಹಿಂದೂಸ್ಥಾನದ ವಿಷಸರ್ಪ. ವಿಲ್ಕಿ ಕಾಲಿನ್ಸನ ‘ದಿ ಮೂನ್‌ಸ್ಟೋನ್’ (1868) ನಮ್ಮ ಶ್ರೀರಂಗಪಟ್ಟಣದಲ್ಲೇ ಶುರುವಾಗುತ್ತದೆ: 1799ರ ಮುತ್ತಿಗೆಯ ದಿನ ಟಿಪ್ಪುವಿನ ಕೋಟೆಯಿಂದ ವಜ್ರ ಕದ್ದವನು ಇಂಗ್ಲಿಷ್ ಅಧಿಕಾರಿ. ಆದರೂ ಇಂಗ್ಲೆಂಡಿನಲ್ಲಿ ವಜ್ರ ಕಾಣೆಯಾದಾಗ ಮೊದಲು ಅನುಮಾನಕ್ಕೆ ಸಿಕ್ಕವರು ಮೂವರು ಹಿಂದೂಸ್ಥಾನಿಗಳು. ಕಾಲಿನ್ಸ್ ಈ ವ್ಯಂಗ್ಯ ಬಲ್ಲವನಾಗಿದ್ದ. ಅವನ ಹಿಂದೆ ಬಂದವರಲ್ಲಿ ಹೆಚ್ಚಿನವರು ಬಲ್ಲವರಾಗಿರಲಿಲ್ಲ.

ಡಾಯ್ಲ್‌ನ ಕಣ್ಣಿನ ವಿದ್ಯೆ ಮಾತ್ರ ಹದಿನಾರು ವರ್ಷಗಳ ಮೇಲೆ ಬೊಂಬಾಯಿಯ ಮನೆತನವೊಂದಕ್ಕೆ ಒದಗಿತು. ಪಾರ್ಸಿಯಾಗಿ ಹುಟ್ಟಿ ಕ್ರೈಸ್ತನಾದ ಶಾಪೂರ್ಜಿ ಎಡಲ್ಜಿ 1863ರಲ್ಲಿ ಗುಜರಾತಿ–ಇಂಗ್ಲಿಷ್ ನಿಘಂಟು ರಚಿಸಿ, ಬಳಿಕ ಇಂಗ್ಲೆಂಡಿಗೆ ಹೋಗಿ ಸ್ಟಾಫರ್ಡ್‌ಶೈರಿನ ಗ್ರೇಟ್ ವರ್ಲಿ ಎಂಬ ಗಣಿ ಹಳ್ಳಿಯಲ್ಲಿ ಪಾದ್ರಿಯಾದ. ಕಪ್ಪು ಬಣ್ಣದ ಪಾದ್ರಿಯ ಮನೆಗೆ ಬೇನಾಮಿ ಬೈಗುಳದ ಪತ್ರಗಳು ಬಂದು ಬೀಳುತ್ತಿದ್ದವು. 1903ರಲ್ಲಿ ಯಾರೋ ರಾತ್ರಿ ಹೊತ್ತು ದನ, ಕುದುರೆಗಳ ಹೊಟ್ಟೆ ಸೀಳತೊಡಗಿದಾಗ ಪೊಲೀಸರು ಹಿಡಿದದ್ದು ಪಾದ್ರಿಯ ಮಗನನ್ನು, ವಕೀಲ ಜಾರ್ಜ್ ಎಡಲ್ಜಿಯನ್ನು. ಏಳು ವರ್ಷದ ಶಿಕ್ಷೆಯಾಯಿತು. ಮೂರು ವರ್ಷಕ್ಕೆ, ಕಾರಣ ತಿಳಿಸದೆ ಬಿಟ್ಟರು. ಕಳಂಕ ಹೋಗಲಿಲ್ಲ.

ಡಾಯ್ಲ್ ಅವನನ್ನು ಕಾಣಲು ಲಂಡನ್ನಿನ ಹೋಟೆಲೊಂದಕ್ಕೆ ಬಂದಾಗ ಜಾರ್ಜ್ ಪತ್ರಿಕೆ ಓದುತ್ತ ಕೂತಿದ್ದ: ಹಾಳೆ ಮುಖಕ್ಕೆ ಅಂಟುವಷ್ಟು ಹತ್ತಿರ, ಅದೂ ಓರೆಯಾಗಿ. ರೋಗಿಗಳೇ ಬಾರದಿದ್ದ ಆ ಕಣ್ಣಿನ ವೈದ್ಯನಿಗೆ ಅಷ್ಟೇ ಸಾಕಾಯಿತು. ಇಷ್ಟು ಮಂದದೃಷ್ಟಿಯವನು ಕಗ್ಗತ್ತಲಲ್ಲಿ ಹೊಲಗದ್ದೆ ಹಾಯ್ದು, ಕುದುರೆ ಹಿಡಿದು ಸೀಳುವುದೆಂದರೇನು! 1907ರ ಜನವರಿಯಲ್ಲಿ ‘ಡೈಲಿ ಟೆಲಿಗ್ರಾಫ್’ ಪತ್ರಿಕೆಯಲ್ಲಿ ಡಾಯ್ಲ್ ಮೊಕದ್ದಮೆಯ ಬುಡವನ್ನೇ ಅಲುಗಾಡಿಸಿದ. ಸರಕಾರ ಜಾರ್ಜನನ್ನು ಕುದುರೆಯ ಆರೋಪದಿಂದ ಮುಕ್ತಗೊಳಿಸಿತು, ಪತ್ರಗಳನ್ನು ಅವನೇ ಬರೆದನೆಂದು ಹಟ ಹಿಡಿಯಿತು, ಪರಿಹಾರವಾಗಿ ಚಿಕ್ಕಾಸೂ ಕೊಡಲಿಲ್ಲ. ಅದೇ ವರ್ಷ ಇಂಗ್ಲೆಂಡಿನಲ್ಲಿ ಅಪರಾಧ ಪ್ರಕರಣಗಳ ಮೇಲ್ಮನವಿ ನ್ಯಾಯಾಲಯ ಹುಟ್ಟಲು ಈ ಗದ್ದಲವೂ ಒಂದು ಕಾರಣ. ಜೂಲಿಯನ್ ಬಾರ್ನ್ಸ್ ಇದನ್ನು 2005ರಲ್ಲಿ ‘ಆರ್ಥರ್ ಅಂಡ್ ಜಾರ್ಜ್’ ಕಾದಂಬರಿಯಾಗಿಸಿದರು. 2015ರಲ್ಲಿ ಅದು ಟಿವಿ ಧಾರಾವಾಹಿಯೂ ಆಯಿತು.

ಮುಂಬಯಿಯ ಸಿನಿಮಾದವರು ಹೋಮ್ಸನನ್ನು ತಮ್ಮ ಜಾಯಮಾನಕ್ಕೆ ಒಗ್ಗಿಸಿಕೊಂಡರು. 1962ರ ‘ಬೀಸ್ ಸಾಲ್ ಬಾದ್’ನಲ್ಲಿ ಬಾಸ್ಕರ್‌ವಿಲ್ಲಿನ ಬೇಟೆನಾಯಿಯ ಊಳು ಹೋಗಿ ಲತಾ ಮಂಗೇಶ್ಕರರ ಹಾಡು ಬಂತು. ನನಗೇನೋ ಆ ಹಾಡೇ ಹೆಚ್ಚು ಭಯ ಹುಟ್ಟಿಸುತ್ತದೆ. ಕಾದಂಬರಿಗಾರ್ತಿ ಸುಜಾತಾ ಮ್ಯಾಸಿ 1921ರ ಬೊಂಬಾಯಿಗೆ ಪರ್ವೀನ್ ಮಿಸ್ತ್ರಿ ಎಂಬ ಪಾರ್ಸಿ ವಕೀಲೆಯನ್ನು ತಂದರು. ಮುಂಬಯಿಯಲ್ಲಿ ಬೆಳೆದು ಅಮೆರಿಕದಲ್ಲಿ ನೆಲೆಸಿದ ಪಾರ್ಸಿ ಲೇಖಕಿ ನೆವ್ ಮಾರ್ಚ್ 2020ರಲ್ಲಿ ‘ಮರ್ಡರ್ ಇನ್ ಓಲ್ಡ್ ಬಾಂಬೆ’ ಬರೆದು, ಆ ಗೋಪುರದ ಬುಡಕ್ಕೇ ಮರಳಿದರು. ಅವರ ನಾಯಕ ಕ್ಯಾಪ್ಟನ್ ಅಗ್ನಿಹೋತ್ರಿ, ಆಂಗ್ಲೋ-ಇಂಡಿಯನ್. ಆಸ್ಪತ್ರೆಯ ಹಾಸಿಗೆಯಲ್ಲಿ ಹೋಮ್ಸನ ಕಥೆ ಓದಿ ತಾನೂ ಪತ್ತೇದಾರನಾಗುತ್ತಾನೆ. ಕನ್ನಡ ಕಾದಂಬರಿಗಳಲ್ಲಿ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಓದಿ ಬೆಳೆದ ನಮ್ಮಂಥವರ ನಿರೀಕ್ಷೆಯಂತೆ ಕೊನೆಗೆ ಅಪರಾಧಿಯೂ ಸಿಕ್ಕುತ್ತಾನೆ.

ಪುಸ್ತಕದ ಆಚೆ ಯಾರೂ ಸಿಕ್ಕಿಲ್ಲ. ಓವಲ್ ಮೈದಾನದ ಎದುರಿಗೆ ರಾಜಾಬಾಯಿ ಗೋಪುರದ ಗಡಿಯಾರ ಈಗಲೂ ಕಾಲು ಗಂಟೆಗೊಮ್ಮೆ ಬಾರಿಸುತ್ತದೆ. ಮೇಲೆ ಹತ್ತಲು ಸಾರ್ವಜನಿಕರನ್ನು ಬಿಡುವುದಿಲ್ಲ.