ಹಗ್ಗ ಹಿಡಿದ ಕರ್ಣ

ಅಗ್ನಿಚಯನದ ಮೊದಲ ವೇದಿಯ ವಿಸ್ತೀರ್ಣ 7½ ಚದರ ಪುರುಷ, ಮುಂದಿನದು 8½. ಪುರುಷವೆಂದರೆ ಕೈಯೆತ್ತಿ ನಿಂತ ಯಜಮಾನನ ಎತ್ತರ. ಅಳತೆ ಬೆಳೆಯಬೇಕು, ಆಕಾರ ಕೆಡಬಾರದು. ಅದಕ್ಕೆ ಚೌಕಕ್ಕೆ ಚೌಕ ಕೂಡಿಸುವ ವಿದ್ಯೆ ಬೇಕಾಯಿತು.

ಬೋಧಾಯನ ಶುಲ್ಬಸೂತ್ರದ ಉಪಾಯ ಸರಳ. ದೊಡ್ಡ ಚೌಕದಲ್ಲಿ ಚಿಕ್ಕದರ ಭುಜದಷ್ಟು ಅಗಲದ ಪಟ್ಟಿಯನ್ನು ಗುರುತಿಸಿ, ಅದರ ಕರ್ಣಕ್ಕೆ ಹಗ್ಗ ಹಿಡಿಯಿರಿ. ಆ ಹಗ್ಗವೇ ಹೊಸ ಚೌಕದ ಭುಜ. ಭುಜಗಳು 3, 4 ಮೊಳವಾದರೆ ಒಳಗಿನ ಮನೆಗಳು 9, 16. ಕರ್ಣದ ಮೇಲಿನ ಚೌಕದಲ್ಲಿ 25. ನಾವು ಶಾಲೆಯಲ್ಲಿ ಕಲಿತ 'ವರ್ಗ' ಬರಿಯ ಗುಣಾಕಾರ. ಇಲ್ಲಿ ಅದು ಕಾಲಿಟ್ಟು ನಡೆಯಬಹುದಾದ ನೆಲ.

ಈ ಗ್ರಂಥ ಪೈಥಾಗೊರಸನಿಗಿಂತ ಹಿಂದಿನದೆಂದು ಹಲವು ವಿದ್ವಾಂಸರ ಎಣಿಕೆ. ಆ ಹೆಮ್ಮೆ ಇರಲಿ. ಆದರೆ ಸೂತ್ರಕಾರನು ಸಾಧನೆಯನ್ನು ಬರೆದಿಟ್ಟಿಲ್ಲ. ಅದೇ ಚೌಕಗಳನ್ನು ಬರೆದು ಹಂತಹಂತವಾಗಿ ಸಾಧಿಸಿ ತೋರಿದವನು ಕ್ರಿ. ಪೂ. 300ರ ಸುಮಾರಿನ ಯೂಕ್ಲಿಡ್.