ಲ್ಯಾಂಡ್‌ಮಾಸ್ಟರೋ ಅಂಬಾಸಿಡರೋ: ವಿಜಯಪುರ ಸೀಮೆಯ ಹಳೆಯ ಕಾರುಗಳ ಗುರುತು ಮತ್ತು ನಂಬರ್ ಪ್ಲೇಟಿನ ಸಾಕ್ಷ್ಯ

ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್ ಕಾರುಗಳ ವಂಶಾವಳಿಯ ಬಗ್ಗೆ ದೊಡ್ಡ ತಕರಾರಿಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎರಡನೆಯ ಸರಣಿ ಇಲ್ಲಿ 1954ರಿಂದ ಲ್ಯಾಂಡ್‌ಮಾಸ್ಟರ್ ಆಯಿತು. ಮೂರನೆಯ ಸರಣಿ 1957–58ರ ಸುಮಾರಿಗೆ ಅಂಬಾಸಿಡರ್ ಎನಿಸಿತು. 1963ರ ಮಾರ್ಕ್ 2, 1975ರ ಮಾರ್ಕ್ 3 ಗ್ರಿಲ್ಲಿನಿಂದಲೇ ತಿಳಿಯುತ್ತವೆ. ಜಿಜ್ಞಾಸೆ ಹುಟ್ಟುವುದು ಮೊದಲ ಎರಡರ ನಡುವೆ, ಅದರಲ್ಲೂ ಹಳೆಯ ಫೋಟೋದಲ್ಲಿ ಕಾರಿನ ಅರ್ಧ ಭಾಗವಷ್ಟೇ ಕಂಡಾಗ. ಆಗ ಕಣ್ಣು ಸಹಜವಾಗಿ ನಂಬರ್ ಪ್ಲೇಟಿನತ್ತ ಹೊರಳುತ್ತದೆ. ಬಾಂಬೆ ರಾಜ್ಯದ ಅಕ್ಷರಗಳಿದ್ದರೆ ಕಾರು 1956ಕ್ಕಿಂತ ಹಿಂದಿನದು, ಆದ್ದರಿಂದ ಲ್ಯಾಂಡ್‌ಮಾಸ್ಟರ್. ಮೈಸೂರಿನ ‘ಎಂವೈ’ ಇದ್ದರೆ ಅಂಬಾಸಿಡರ್ ಎಂಬ ತರ್ಕ ಬಲು ಸಲೀಸಾಗಿ ಒಪ್ಪಿಗೆಯಾಗಿಬಿಡುತ್ತದೆ.

ಈ ತರ್ಕಕ್ಕೆ ಆಧಾರವಿಲ್ಲದಿಲ್ಲ. ಅಂದಿನ ಬಿಜಾಪುರ ಜಿಲ್ಲೆ 1956ರ ನವೆಂಬರ್ 1ರಂದು ಬಾಂಬೆ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು; ಲ್ಯಾಂಡ್‌ಮಾಸ್ಟರಿನ ಕಾಲವೂ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯುತ್ತ ಬಂದಿತ್ತು. ಆದರೆ ಈ ಹೊಂದಿಕೆಯೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಜಿಲ್ಲೆ ಹೋಯಿತೇ ಹೊರತು ಬಾಂಬೆ ರಾಜ್ಯ ಅಳಿಯಲಿಲ್ಲ. 1960ರ ಮೇ 1ರವರೆಗೆ ಅದು ಇದ್ದೇ ಇತ್ತು. ಸೊಲ್ಲಾಪುರ, ಸಾಂಗಲಿ ಅದರಲ್ಲೇ ಉಳಿದವು. ವಿಜಯಪುರ ಸೀಮೆಯ ತಿಕೋಟಾದಿಂದ ಪಶ್ಚಿಮಕ್ಕೆ ಹೊರಟ ರಸ್ತೆ ಸಾಂಗಲಿ ಜಿಲ್ಲೆಯ ಜತ್ತಕ್ಕೆ ಹೋಗಿ ಮುಟ್ಟುತ್ತದೆ. ಹೀಗಿರುವಾಗ 1958ರಲ್ಲಿ ಗಡಿಯಾಚೆ ನೋಂದಣಿಯಾದ ಅಂಬಾಸಿಡರ್ ಬಾಂಬೆಯ ಅಕ್ಷರ ಹೊತ್ತು ತಿಕೋಟಾದಲ್ಲಿ ಓಡಾಡಿದ್ದರೆ ಅದರಲ್ಲಿ ಅಚ್ಚರಿಯಿಲ್ಲ. ಅದೇ ರೀತಿ 1955ರ ಲ್ಯಾಂಡ್‌ಮಾಸ್ಟರ್ ಕೈ ಬದಲಾಯಿಸಿ, ಹೊಸದಾಗಿ ನೋಂದಣಿಯಾಗಿ, ಇದೇ ಸೀಮೆಯ ಬಬಲೇಶ್ವರದ ಮನೆಯೊಂದರ ಮುಂದೆ ‘ಎಂವೈ’ ಪ್ಲೇಟಿನೊಂದಿಗೆ ನಿಂತಿರಲೂ ಸಾಧ್ಯ. ಪ್ಲೇಟು ಹೇಳುವುದು ನೋಂದಣಿಯ ಕಥೆ. ಕಾರಿನ ಹುಟ್ಟು ಅದಕ್ಕೆ ಗೊತ್ತಿಲ್ಲ.

ಹಾಗಾದರೆ ಯಾವುದನ್ನು ನಂಬಬೇಕು? ಕಾರಿನ ಮೈಕಟ್ಟನ್ನು, ಎಂಬುದು ಈ ಲೇಖನದ ವಾದ. ಲ್ಯಾಂಡ್‌ಮಾಸ್ಟರಿನ ಬಾನೆಟ್ಟು ನುಣುಪು, ಹಿಂಭಾಗ ಸಪಾಟು. ಅಂಬಾಸಿಡರಿನ ಬಾನೆಟ್ಟಿನ ಮೇಲೆ ತಗ್ಗು-ಉಬ್ಬುಗಳಿವೆ, ಹಿಂಬದಿಯ ಎರಡೂ ಅಂಚಿನಲ್ಲಿ ಸಣ್ಣ ರೆಕ್ಕೆಗಳಿವೆ. ಬಾನೆಟ್ಟನ್ನು ಯಾವ ಗ್ಯಾರೇಜಿನಲ್ಲಾದರೂ ಬದಲಿಸಬಹುದಾದ್ದರಿಂದ ಅದರ ಮಾತಿಗೆ ತೂಕ ಕಡಿಮೆ. ಹಿಂಬದಿಯ ರೂಪಕ್ಕೆ ಹೆಚ್ಚು. ಎಂಜಿನ್ ನೋಡಿದರೆ ಸಾಲದೇ ಎಂಬ ಆಕ್ಷೇಪ ಬರಬಹುದು. ಲ್ಯಾಂಡ್‌ಮಾಸ್ಟರಿನ 1476 ಸಿಸಿ ಸೈಡ್ ವಾಲ್ವ್ ಎಂಜಿನ್ನೇ ಮೊದಮೊದಲ ಅಂಬಾಸಿಡರಿಗೂ ಇತ್ತು; 1489 ಸಿಸಿ ಓವರ್‌ಹೆಡ್ ವಾಲ್ವ್ ಬಂದದ್ದು 1959ರಲ್ಲಿ. ಅಂದರೆ ಹಳೆಯ ಎಂಜಿನ್ ಎರಡು ಮಾಡೆಲ್‌ಗಳಿಗೂ ಸಲ್ಲುತ್ತದೆ, ಹೊಸದನ್ನು ಆಮೇಲೆ ಕೂರಿಸಿರಬಹುದು. ಮೈಕಟ್ಟು ಹಾಗಲ್ಲ. ಈ ಕಾರುಗಳಿಗೆ ಬೇರೆಯದೇ ಆದ ಚಾಸಿ ಇಲ್ಲ, ಮೈಯೇ ಚಾಸಿ. ಅದನ್ನು ಬದಲಿಸಿದರೆ ಕಾರೇ ಬೇರೆಯಾದಂತೆ.

ಈ ಮಾತನ್ನು ಯುದ್ಧಪೂರ್ವದ ಕಾರುಗಳಿಗೆ ಅನ್ವಯಿಸುವಂತಿಲ್ಲ ಎಂಬುದನ್ನು ಒತ್ತಿ ಹೇಳಬೇಕು. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿಯಲ್ಲಿ ಚಾಸಿ ಬೇರೆ, ಮೈ ಬೇರೆ. ಕಾರಿನ ಸಂಖ್ಯೆ ಎಂಜಿನ್ನಿನ ಮೇಲೆಯೇ ಇರುತ್ತದೆ. ಅಲ್ಲಿ ಮೈಯನ್ನು ನಂಬಿದವರು ಕೆಡುತ್ತಾರೆ. 1950ರ ದಶಕದ ಕಾರುಗಳಲ್ಲಿಯೂ ಅಪಘಾತದ ನಂತರ ಹಿಂಬದಿಯನ್ನು ಬಡಿದು ಹೊಸ ರೂಪ ಕೊಟ್ಟಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಆದ್ದರಿಂದ ಮೈಕಟ್ಟಿನ ಸಾಕ್ಷ್ಯವನ್ನು ಆರ್‌ಸಿ ಪುಸ್ತಕದ ಚಾಸಿ ಸಂಖ್ಯೆಯೊಡನೆ ತಾಳೆ ನೋಡುವುದೇ ಕ್ಷೇಮ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಖಾಸಗಿ ವಾಹನ ವಿಂಟೇಜ್ ಆಗಬಹುದು. ಆದರೆ ಹೊಸದಾಗಿ ಕೊಡುವ ‘ವಿಎ’ ಸಂಖ್ಯೆಯಲ್ಲಿ ಜಿಲ್ಲೆಯ ಗುರುತು ಇರುವುದಿಲ್ಲ. ವಿಜಯಪುರದ ‘ಕೆಎ 28’ ಕೂಡ ಅದರಲ್ಲಿ ಕಾಣುವುದಿಲ್ಲ; ಈಗಾಗಲೇ ನೋಂದಣಿಯಾಗಿರುವ ವಾಹನ ಮಾತ್ರ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಹಳೆಯ ಪ್ಲೇಟನ್ನು ಹುಟ್ಟಿನ ದಾಖಲೆ ಎನ್ನಲಾಗದಿದ್ದರೂ ಕಾರಿನ ಓಡಾಟದ ದಾಖಲೆಯಾಗಿ ಅದರ ಫೋಟೋ ಉಳಿಸಿಕೊಳ್ಳುವುದು ಒಳಿತು. ಇಷ್ಟೆಲ್ಲ ಆದ ಮೇಲೂ 1958ರ ಅಂಬಾಸಿಡರನ್ನು 1961ರದರಿಂದ ಫೋಟೋ ನೋಡಿ ಬೇರ್ಪಡಿಸುವ ಬಗೆ ಯಾವುದು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಅದಕ್ಕೆ ಮೈಕಟ್ಟಿನಿಂದ ಉತ್ತರ ಸಿಗುವಂತೆ ತೋರುವುದಿಲ್ಲ.