ಬಿಸಿಲು ಪುಕ್ಕಟೆ, ಬೆಳಕಿಗೆ ಬೆಲೆ

ಸೂರ್ಯನ ಬಿಸಿಲಿಗೆ ಯಾರೂ ಬೆಲೆ ಕಟ್ಟಿಲ್ಲ. ಗುಡಿಸಲಿನ ಮೇಲೂ ಬಂಗಲೆಯ ಮೇಲೂ ಅದು ಸಮನಾಗಿಯೇ ಬೀಳುತ್ತದೆ. ಆದರೆ ಆ ಬಿಸಿಲಿನಿಂದ ವಿದ್ಯುತ್ ಪಡೆಯುವ ಭಾಗ್ಯ ಬಹುಕಾಲ ಬಡವರ ಪಾಲಿಗೆ ಬರಲಿಲ್ಲ. ಏಕೆ? ವಿಜ್ಞಾನ ಗೊತ್ತಿರಲಿಲ್ಲವೆಂದಲ್ಲ, ಗೊತ್ತಿದ್ದುದನ್ನು ಅಗ್ಗವಾಗಿ ಮಾಡುವ ಕಸುಬು ಗೊತ್ತಿರಲಿಲ್ಲ.

1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಚಾಪಿನ್, ಫುಲ್ಲರ್ ಮತ್ತು ಪಿಯರ್ಸನ್ ಸಿಲಿಕಾನ್ ಸೌರಕೋಶವನ್ನು ಜಗತ್ತಿಗೆ ತೋರಿಸಿದರು. ನೂರು ಪಾಲು ಬಿಸಿಲಿನಲ್ಲಿ ಸುಮಾರು ಆರು ಪಾಲು ಮಾತ್ರ ವಿದ್ಯುತ್ತಾಗುತ್ತಿತ್ತು. ಬೆಲೆಯೋ ಕೈಗೆಟುಕುವಂತಿರಲಿಲ್ಲ. ಆದ್ದರಿಂದ ಅದು ಮನೆಗೆ ಬರುವ ಮೊದಲು ಆಕಾಶಕ್ಕೆ ಹೋಯಿತು. 1958ರಲ್ಲಿ ವ್ಯಾನ್‌ಗಾರ್ಡ್-1 ಉಪಗ್ರಹ ಅದನ್ನು ಹೊತ್ತೊಯ್ದಿತು. ಅಲ್ಲಿ ಚೌಕಾಶಿ ಮಾಡುವವರಿರಲಿಲ್ಲ.

1973ರ ತೈಲ ಬಿಕ್ಕಟ್ಟು ಈ ಕೋಶವನ್ನು ನೆಲಕ್ಕಿಳಿಸಿತು. ಅಗ್ಗದ ವಿಧಾನಗಳಿಗಾಗಿ ಹುಡುಕಾಟ ಶುರುವಾಯಿತು. ಅದುವರೆಗೆ ಕೋಶದ ಮೇಲಿನ ಲೋಹದ ಗೆರೆಗಳನ್ನು ದುಬಾರಿ ನಿರ್ವಾತ ಯಂತ್ರಗಳಲ್ಲಿ ಮೂಡಿಸಲಾಗುತ್ತಿತ್ತು. ಎಂಜಿನಿಯರರ ಕಣ್ಣು ಸ್ಕ್ರೀನ್ ಪ್ರಿಂಟಿಂಗ್ ಮೇಲೆ ಬಿತ್ತು. ನಮ್ಮೂರ ಪೇಟೆಯಲ್ಲಿ ಮದುವೆ ಕಾಗದ, ಬಟ್ಟೆ ಚೀಲಗಳ ಮೇಲೆ ಅಚ್ಚು ಹಾಕುವ ಅದೇ ವಿದ್ಯೆ! ಜಾಲರಿಯ ಮೂಲಕ ಬೆಳ್ಳಿಯ ಪೇಸ್ಟನ್ನು ಒತ್ತಿ, ಒಣಗಿಸಿ, ಕುಲುಮೆಯಲ್ಲಿ ಸುಟ್ಟರೆ ಗೆರೆ ಸಿದ್ಧ.

ಇನ್ನೊಂದು ಉಪಾಯವೂ ಅಷ್ಟೇ ಸರಳ. ನುಣುಪಾದ ಸಿಲಿಕಾನ್ ತನ್ನ ಮೇಲೆ ಬಿದ್ದ ಬೆಳಕಿನ ಮೂರನೇ ಒಂದು ಪಾಲನ್ನು ಹಿಂದಕ್ಕೆಸೆಯುತ್ತದೆ. ಅದನ್ನು ಬಿಸಿ ಕ್ಷಾರದ್ರಾವಣದಲ್ಲಿ ಅದ್ದಿದರೆ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಿರಮಿಡ್‌ಗಳು ಏಳುತ್ತವೆ. ಒಂದರಿಂದ ಪುಟಿದ ಬೆಳಕು ಇನ್ನೊಂದಕ್ಕೆ ಸಿಕ್ಕಿಬೀಳುತ್ತದೆ. ಮೇಲೆ ಸಿಲಿಕಾನ್ ನೈಟ್ರೈಡಿನ ತೆಳು ಲೇಪ. ಸೌರಫಲಕದ ಕಡುನೀಲಿ ಬಣ್ಣ ಅದರದೇ.

ಆದರೂ ನಷ್ಟ ನಿಲ್ಲಲಿಲ್ಲ. ಕೋಶದ ಹಿಂಬದಿಗೆ ಲೋಹ ನೇರವಾಗಿ ತಾಗಿದಲ್ಲೆಲ್ಲ ವಿದ್ಯುತ್ ಕಣಗಳು ವ್ಯರ್ಥವಾಗುತ್ತಿದ್ದವು. ನಡುವೆ ನಿರೋಧಕ ಪದರವಿಟ್ಟು, ಚುಕ್ಕಿಗಳಲ್ಲಷ್ಟೇ ಲೋಹ ತಾಗುವಂತೆ ಮಾಡಿದವರು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಮಾರ್ಟಿನ್ ಗ್ರೀನ್ ಮತ್ತು ಸಂಗಡಿಗರು. 1989ರಲ್ಲಿ ಅವರು ಪ್ರಕಟಿಸಿದ ಈ 'ಪರ್ಕ್' ಕೋಶದ ದಕ್ಷತೆ ಶೇ. 22.8. ಆದರೆ ತಯಾರಿಕೆ ದುಬಾರಿ. ಹಾಗಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಅದು ಬಹುತೇಕ ಪ್ರಯೋಗಾಲಯದಲ್ಲೇ ಉಳಿಯಿತು. ಅಲ್ಯೂಮಿನಿಯಂ ಆಕ್ಸೈಡಿನ ಪದರವನ್ನು ಅಗ್ಗವಾಗಿ ಹಚ್ಚುವ ಯಂತ್ರ ಮತ್ತು ರಂಧ್ರ ತೆರೆಯುವ ಲೇಸರ್ ಬಂದ ಮೇಲೆ, 2010ರ ದಶಕದಲ್ಲಿ, ಹಳೆಯ ಅಚ್ಚಿನ ಸಾಲಿಗೆ ಕೆಲವೇ ಹಂತಗಳನ್ನು ಸೇರಿಸಿ ಕಾರ್ಖಾನೆಗಳು ಅದನ್ನು ತಯಾರಿಸತೊಡಗಿದವು. 2020ರ ವೇಳೆಗೆ ಜಗತ್ತಿನ ಬಹುಪಾಲು ಕೋಶಗಳು ಇದೇ ಜಾತಿಯವು. ಗ್ರೀನ್ ಅವರ ಶಿಷ್ಯ ಶಿ ಝೆಂಗ್‌ರಾಂಗ್ 2001ರಲ್ಲಿ ಚೀನಾದಲ್ಲಿ ಸನ್‌ಟೆಕ್ ಕಂಪನಿ ಕಟ್ಟಿದ್ದರು. ಗುರುವಿನ ವಿದ್ಯೆ ಶಿಷ್ಯನ ಕಾರ್ಖಾನೆಯಾಯಿತು.

ನಾವೇನು ಬರಿಗೈಯವರಾಗಿರಲಿಲ್ಲ. ಬೆಂಗಳೂರಿನಲ್ಲಿ ಟಾಟಾ ಬಿಪಿ ಸೋಲಾರ್ ಆರಂಭವಾದದ್ದೂ ಅದೇ 1989ರಲ್ಲಿ. ಆದರೂ ಕೋಶಗಳಿಗಾಗಿ ದೇಶ ಬಹುಕಾಲ ಹೊರಗಿನವರತ್ತ ನೋಡಿತು. ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಎದ್ದಿದೆ. ಬಿಸಿಲು ನಮ್ಮದು, ನೆಲ ನಮ್ಮ ರೈತರದು. ಕಸುಬು ಯಾರದು?

ಪದವಿಗೆ ಕೊಡುವ ಗೌರವವನ್ನು ಕುಲುಮೆಯ ಮುಂದೆ ನಿಂತವನಿಗೂ ಅಚ್ಚಿನ ಜಾಲರಿ ಹಿಡಿದವನಿಗೂ ನಾವು ಕೊಡುತ್ತೇವೆಯೇ? ಬೆಳ್ಳಿಯ ಬದಲು ತಾಮ್ರ ಬಳಸುವ ದಾರಿಗಾಗಿ ಇಂದು ಹುಡುಕಾಟ ನಡೆದಿದೆ. ಮುಂದಿನ ಅಗ್ಗದ ಉಪಾಯ ಹೊಳೆಯಬೇಕಾದದ್ದು ಅಂಥ ಕೈಗಳಿಗೇ.